12 ಫೋಟೋ, ಒಂದು ದಿನ: ಹಳೇ ಕ್ಯಾಮೆರಾದಂಥ ಆಪ್‌ನಲ್ಲಿ ನಮ್ಮ ಮನೆ, ನಮ್ಮ ಬೀದಿ

ಮುಳ್ಳಯ್ಯನಗಿರಿಯ ಫೋಟೋ ನಿಮ್ಮ ಫೋನಿನಲ್ಲಿ ಎಷ್ಟಿವೆ? ಚಿಕ್ಕಮಗಳೂರಿನವರಾದರೆ ನೂರಕ್ಕೆ ಕಡಿಮೆ ಇರಲಿಕ್ಕಿಲ್ಲ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿರುತ್ತೇವೆ. ಅದೇ ಮೆಟ್ಟಿಲು, ಅದೇ ಮಂಜು. ಈಗ ಇನ್ನೊಂದು ಪ್ರಶ್ನೆ. ಬೆಳಿಗ್ಗೆ ಅಮ್ಮ ಡಿಕಾಕ್ಷನ್ ಇಳಿಸುವ ಫೋಟೋ ಎಷ್ಟಿವೆ? ಅಪ್ಪ ಜಗುಲಿಯಲ್ಲಿ ಪೇಪರ್ ಹರಡಿಕೊಂಡು ಕೂತದ್ದು? ಮಳೆಗಾಲದಲ್ಲಿ ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಒಣಹಾಕಿದ್ದು?

ನನ್ನ ಫೋನಿನಲ್ಲಿ ಇವು ಒಂದೂ ಇರಲಿಲ್ಲ. 1,930 ಮೀಟರ್ ಎತ್ತರದ ಬೆಟ್ಟದ ಚಿತ್ರವನ್ನು ಯಾರು ಬೇಕಾದರೂ ಬಂದು ತೆಗೆಯಬಹುದು. ನಮ್ಮಮ್ಮನ ಅಡುಗೆಮನೆಯ ಚಿತ್ರವನ್ನು ಮನೆಯವರೇ ತೆಗೆಯಬೇಕು. ನನಗೆ ಆ ಅಭ್ಯಾಸ ಹಿಡಿಸಿದ್ದು ಹಳೇ ಕ್ಯಾಮೆರಾದಂತೆ ಆಡುವ ಫೋಟೋ ಆಪ್‌ಗಳು. ಎರಡು ವರ್ಷದಿಂದ ಬಳಸುತ್ತಿದ್ದೇನೆ. ಕಲಿತದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಯಾವ ಆಪ್, ಏನು ವ್ಯತ್ಯಾಸ

ಈ ಬಗೆಯ ಆಪ್‌ಗಳಲ್ಲಿ ಮೊದಲು ಹೆಸರು ಮಾಡಿದ್ದು ಹಿಪ್‌ಸ್ಟಮ್ಯಾಟಿಕ್. 2009ರಲ್ಲಿ ಐಫೋನ್‌ಗೆ ಬಂತು. ತೆರೆದರೆ ಪರದೆ ತುಂಬ ಒಂದು ಪ್ಲಾಸ್ಟಿಕ್ ಕ್ಯಾಮೆರಾ ಕಾಣುತ್ತದೆ. ನೋಡಲು ಪುಟ್ಟ ಕಿಂಡಿ, ಒತ್ತಲು ಒಂದು ಗುಂಡಿ. ಬೆರಳು ಸರಿಸಿದರೆ ಲೆನ್ಸ್ ಬದಲಾಗುತ್ತದೆ, ಫಿಲ್ಮ್ ಬದಲಾಗುತ್ತದೆ. ಇವು ನಿಜವಾದವಲ್ಲ, ಚಿತ್ರದ ಬಣ್ಣ, ನೆರಳು, ಅಂಚು ಬದಲಿಸುವ ಆಪ್‌ನ ಆಯ್ಕೆಗಳು. ಚಿತ್ರ ಚೌಕ.

ಮರುವರ್ಷ, 2010ರಲ್ಲಿ, ಇನ್‌ಸ್ಟಾಗ್ರಾಂ ಬಂತು. ಅದೂ ಆಗ ಚೌಕವೇ. ಆದರೆ ಅಲ್ಲಿ ಫೋಟೋ ತೆಗೆದ ಮೇಲೆ ಬಣ್ಣ ಹಚ್ಚುತ್ತೇವೆ. ಇಲ್ಲಿ ಹಾಗಲ್ಲ. ಗುಂಡಿ ಒತ್ತುವ ಮೊದಲೇ ಲೆನ್ಸ್ ಮತ್ತು ಫಿಲ್ಮ್ ಆರಿಸಿರಬೇಕು. ಇದು ಸಣ್ಣ ಮಾತಲ್ಲ. ಆಮೇಲೆ ಸರಿ ಮಾಡಿಕೊಳ್ಳೋಣ ಅನ್ನುವ ದಾರಿ ಮುಚ್ಚಿದರೆ ಕಣ್ಣು ತಾನಾಗಿಯೇ ಎದುರಿಗಿರುವ ಬೆಳಕಿನ ಕಡೆ ಹೋಗುತ್ತದೆ. ಈ ಇಡೀ ಬರಹ ನಿಂತಿರುವುದು ಅದರ ಮೇಲೆ.

ಇದೆಲ್ಲ ಮಕ್ಕಳಾಟ ಅನ್ನುವವರಿದ್ದಾರೆ. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಛಾಯಾಗ್ರಾಹಕ ಡೇಮನ್ ವಿಂಟರ್ ಅಫ್ಘಾನಿಸ್ತಾನದಲ್ಲಿ ಸೈನಿಕರ ದಿನನಿತ್ಯದ ಬದುಕನ್ನು ಇದೇ ಹಿಪ್‌ಸ್ಟಮ್ಯಾಟಿಕ್‌ನಲ್ಲಿ ತೆಗೆದರು. ಅವು ಆ ಪತ್ರಿಕೆಯ ಮುಖಪುಟದಲ್ಲಿ ಬಂದವು. ಅವರ ಬಳಿ ದೊಡ್ಡ ಕ್ಯಾಮೆರಾನೂ ಇತ್ತು. ಆದರೂ ಸೈನಿಕರು ಬಿಡುವಿನಲ್ಲಿ ಇರುವ ರೀತಿಯನ್ನು ಹಿಡಿಯಲು ಫೋನ್ ಒದಗಿತು. ಫೋನ್ ಕಂಡರೆ ಯಾರೂ ಸೆಟೆದು ನಿಲ್ಲುವುದಿಲ್ಲ, ಅಲ್ವಾ?

ಆಂಡ್ರಾಯ್ಡ್ ಇದ್ದವರು ಬೇಸರ ಮಾಡಿಕೊಳ್ಳಬೇಡಿ. ಫಿಲ್ಮ್ ಕ್ಯಾಮೆರಾದಂತೆ ನಡೆಯುವ ಆಪ್ ಅಲ್ಲಿಯೂ ಬೇಕಾದಷ್ಟಿವೆ. ಇನ್‌ಸ್ಟಾಲ್ ಮಾಡುವಾಗ ಅನುಮತಿ ನೋಡಿ. ಫೋಟೋ ಆಪ್‌ಗೆ ಕ್ಯಾಮೆರಾ ಬೇಕು, ಚಿತ್ರ ಉಳಿಸಲು ಜಾಗ ಬೇಕು, ಅಷ್ಟೇ. ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಕೇಳಿದರೆ ಆ ಆಪ್ ಬೇಡ, ತೆಗೆದುಹಾಕಿ.

ಮೊದಲೇ ಸರಿ ಮಾಡಿಕೊಳ್ಳಬೇಕಾದ್ದು

ಆಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಮೂಲ ಫೋಟೋವನ್ನೂ ಉಳಿಸುವ ಆಯ್ಕೆ ಹುಡುಕಿ. ಇದ್ದರೆ ಈಗಲೇ ಆನ್ ಮಾಡಿ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಒಂದು ದೀಪಾವಳಿಗೆ ಮೂಡಿಗೆರೆ ಕಡೆಯ ಅಜ್ಜಿ ಮನೆಯಲ್ಲಿ ಗೋಪೂಜೆ. ಅಜ್ಜಿ ಹಸುವಿನ ಹಣೆಗೆ ಕುಂಕುಮ ಇಡುತ್ತಿದ್ದರು, ಹಸು ಅವರ ಸೆರಗು ಮೂಸುತ್ತಿತ್ತು. ಒಂದೇ ಕ್ಷಣ. ಆ ಆಪ್ ಅದರ ಮೇಲೆ ಕೆಂಪು ಬೆಳಕಿನ ಪಟ್ಟೆ ಎಳೆದುಬಿಟ್ಟಿತು, ನೇರ ಅಜ್ಜಿಯ ಮುಖದ ಮೇಲೆ. ಮೂಲ ಫೋಟೋ ಉಳಿದಿರಲಿಲ್ಲ. ಆ ಕ್ಷಣ ಮತ್ತೆ ಸಿಗಲಿಲ್ಲ. ಈ ಆಯ್ಕೆಯೇ ಇಲ್ಲದ ಆಪ್ ಆದರೆ ಮುಖ್ಯವಾದ ಹೊತ್ತಿನಲ್ಲಿ ಮೊದಲು ಫೋನಿನ ಸ್ವಂತ ಕ್ಯಾಮೆರಾದಲ್ಲಿ ಒಂದು ತೆಗೆಯಿರಿ, ಆಮೇಲೆ ಆಟ.

ಇನ್ನೊಂದು, ಲೊಕೇಶನ್. ಫೋಟೋ ಒಳಗೆ ತೆಗೆದ ಜಾಗ ದಾಖಲಾಗುತ್ತದೆ. ಮನೆಯ, ಮಕ್ಕಳ ಚಿತ್ರವನ್ನು ಹೊರಗೆ ಹಂಚಿಕೊಳ್ಳುವವರು ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಡದಿರುವುದೇ ಕ್ಷೇಮ. ಹಾಗೆಯೇ ಲೆನ್ಸ್ ಒರೆಸಿ. ಹಳೇ ಹತ್ತಿ ಬಟ್ಟೆಯ ತುಂಡು ಜೇಬಿನಲ್ಲಿರಲಿ. ಅಡುಗೆಮನೆಯ ಜಿಡ್ಡು, ಬೆರಳಿನ ಎಣ್ಣೆ ಲೆನ್ಸ್ ಮೇಲೆ ಕೂತರೆ ಯಾವ ಫಿಲ್ಮ್ ಹಾಕಿದರೂ ಚಿತ್ರ ಮಂಕು.

ಒಂದು ಲೆನ್ಸ್, ಒಂದು ಫಿಲ್ಮ್, 12 ಚಿತ್ರ

ಹಳೇ ಚೌಕ ಕ್ಯಾಮೆರಾಗಳಿಗೆ ಹಾಕುತ್ತಿದ್ದ, 120 ಅನ್ನುವ ಹೆಸರಿನ ಫಿಲ್ಮ್ ರೋಲಿನಲ್ಲಿ 12 ಚಿತ್ರ ಬರುತ್ತಿದ್ದವು. ಅದೇ ಲೆಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ಒಂದು ಲೆನ್ಸ್, ಒಂದು ಫಿಲ್ಮ್ ಆರಿಸಿ. ಮಲಗುವವರೆಗೆ ಬದಲಿಸಬೇಡಿ. ದಿನಕ್ಕೆ 12 ಮಾತ್ರ.

ಮೊದಲ ದಿನ ಹನ್ನೆರಡೂ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತವೆ, ಪರವಾಗಿಲ್ಲ. ಮೂರನೇ ದಿನಕ್ಕೆ ನೀವೇ ಕಾಯಲು ಶುರು ಮಾಡುತ್ತೀರಿ. ಒಂದೇ ಫಿಲ್ಮ್ ಒಂದು ವಾರ ಬಳಸಿದರೆ ಅದರ ಗುಣ ಕೈಗೆ ಹತ್ತುತ್ತದೆ. ಹಸಿರು ಅದರಲ್ಲಿ ಹೇಗೆ ತಿರುಗುತ್ತದೆ, ನೆರಳು ಎಷ್ಟು ಕಪ್ಪಾಗುತ್ತದೆ ಅಂತ ಒತ್ತುವ ಮೊದಲೇ ಗೊತ್ತಾಗುತ್ತದೆ.

ಆರಿಸಲು ಈ ಆಟಗಳ ಮೂಲ ತಿಳಿದಿರಬೇಕು. ಅಂಚು ಕಪ್ಪಾಗುವುದು ಹಳೇ ಅಗ್ಗದ ಲೆನ್ಸ್‌ಗಳ ದೋಷ, ಮೂಲೆಗಳಿಗೆ ಬೆಳಕು ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಿಪ್‌ಸ್ಟಮ್ಯಾಟಿಕ್‌ನ ಜಾನ್ ಎಸ್ ಲೆನ್ಸ್ ಇದನ್ನೇ ಮಾಡುತ್ತದೆ. ಚಿತ್ರದ ನಡುವೆ ಒಂದೇ ವಸ್ತು ಇದ್ದಾಗ ಅದು ಚೆನ್ನ. ಗುಂಪಿನ ಫೋಟೋದಲ್ಲಿ ಮೂಲೆಯಲ್ಲಿ ನಿಂತ ಚಿಕ್ಕಪ್ಪ ಕತ್ತಲಿಗೆ ಹೋಗುತ್ತಾರೆ. ಕೆಂಪು, ಕಿತ್ತಳೆ ಪಟ್ಟೆಗಳು ಕ್ಯಾಮೆರಾದ ಸಂದಿಯಿಂದ ಬೆಳಕು ನುಗ್ಗಿ ಫಿಲ್ಮ್ ಕೆಡುತ್ತಿದ್ದುದರ ನಕಲು. ಆಪ್‌ನಲ್ಲಿ ಇದು ಎಲ್ಲಿ ಬೀಳುತ್ತದೋ ಹೇಳಲಾಗದು, ಆದ್ದರಿಂದ ಮುಖ ಇರುವ ಚಿತ್ರಕ್ಕೆ ಈ ಫಿಲ್ಮ್ ಬೇಡವೇ ಬೇಡ. ಕೆಳಗೆ ದಪ್ಪವಾಗಿರುವ ಬಿಳಿ ಅಂಚು, ತೆಗೆದ ಕೂಡಲೇ ಚಿತ್ರ ಕೈಗೆ ಕೊಡುವ ಪೋಲರಾಯ್ಡ್ ಕ್ಯಾಮೆರಾದ್ದು. ಚಿತ್ರ ಮೂಡಿಸುವ ರಾಸಾಯನಿಕದ ಪುಟ್ಟ ಚೀಲ ಆ ಜಾಗದಲ್ಲಿ ಇರುತ್ತಿತ್ತು, ಅದಕ್ಕೇ ಅಷ್ಟು ಅಗಲ. ಈಗ ಅಲ್ಲಿ ಎರಡು ಮಾತು ಬರೆಯಲು ಜಾಗ ಸಿಕ್ಕ ಹಾಗಾಯಿತು.

ನಮ್ಮ ಊರಿಗೆ ನನ್ನ ಸಲಹೆ ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬೂದಿ, ನೆಲ ಹಸಿರು, ಬೇರೆ ಬಣ್ಣವೇ ಇಲ್ಲ. ಆಗ ಕಪ್ಪು ಬಿಳುಪು. ಒದ್ದೆ ಹೆಂಚು, ಛತ್ರಿ, ಕಂಬಳಿಯ ನೇಯ್ಗೆ ಅದರಲ್ಲಿ ಎದ್ದು ಕಾಣುತ್ತವೆ. ಡಿಸೆಂಬರ್, ಜನವರಿಯಲ್ಲಿ ಕಣದಲ್ಲಿ ಕಾಫಿ ಹಣ್ಣು ಕೆಂಪಗೆ ಹರಡಿರುವಾಗ ಕಪ್ಪು ಬಿಳುಪಿನಲ್ಲಿ ತೆಗೆದರೆ ಕೆಂಪಿಗೆ ಅನ್ಯಾಯ. ಆಗ ಬಣ್ಣದ, ಸ್ವಲ್ಪ ಬೆಚ್ಚಗಿನ ಫಿಲ್ಮ್.

ಫೋನ್ ಕುಲುಕಿದರೆ ಲೆನ್ಸ್, ಫಿಲ್ಮ್ ತಾನೇ ಬದಲಾಗುವ ಆಯ್ಕೆಯೂ ಇರುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟ. ಭಾನುವಾರ ಮಕ್ಕಳ ಕೈಗೆ ಕೊಟ್ಟು ಆಡಿಸಿ, ಉಳಿದ ದಿನ ಆಫ್ ಇರಲಿ.

ಬೆಳಿಗ್ಗೆಯ ಅಡುಗೆಮನೆ

ಶುರು ಮಾಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಬೆಳಕು ಒಂದೇ ಕಡೆಯಿಂದ ಬರುತ್ತದೆ, ಆವಿ ಇರುತ್ತದೆ, ಕೈಗಳು ಕೆಲಸದಲ್ಲಿರುತ್ತವೆ.

ಮೊದಲು ಟ್ಯೂಬ್‌ಲೈಟ್ ಆಫ್ ಮಾಡಿ. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟ್ ಇನ್ನೊಂದು. ಎರಡೂ ಸೇರಿದರೆ ಅಮ್ಮನ ಒಂದು ಕೆನ್ನೆ ನೀಲಿ, ಇನ್ನೊಂದು ಹಸಿರು. ಆಮೇಲೆ ಕಿಟಕಿ ನಿಮ್ಮ ಬೆನ್ನ ಹಿಂದೆ ಇಲ್ಲದಂತೆ ನಿಲ್ಲಿ. ಕಿಟಕಿ ಪಕ್ಕಕ್ಕಿರಲಿ, ಇಲ್ಲವೇ ಕಾಫಿ ಲೋಟದ ಆಚೆಗಿರಲಿ.

ಆವಿ ಫೋಟೋದಲ್ಲಿ ಬರುವುದೇ ಇಲ್ಲ ಅನ್ನುವ ದೂರು ಜಾಸ್ತಿ. ಅದಕ್ಕೆ ಎರಡು ಬೇಕು. ಬೆಳಕು ಆವಿಯ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಬಿಳಿ ಗೋಡೆಯ ಮುಂದೆ ಎಷ್ಟು ಬಿಸಿ ಕಾಫಿ ಇಟ್ಟರೂ ಆವಿ ಕಾಣದು. ಲೋಟವನ್ನು ಒಂದು ಮೊಳ ಸರಿಸಿ, ಹಿಂದೆ ಕತ್ತಲೆ ಮೂಲೆಯೋ ಮಸಿ ಹಿಡಿದ ಗೋಡೆಯೋ ಬರುವಂತೆ ಮಾಡಿ. ಪರದೆಯಲ್ಲಿ ಲೋಟದ ಅಂಚಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬಂದರೆ ಬೆರಳನ್ನು ಸ್ವಲ್ಪ ಕೆಳಗೆಳೆಯಿರಿ, ಹಿನ್ನೆಲೆ ಇನ್ನೂ ಕಪ್ಪಾಗುತ್ತದೆ. ಆವಿ ಎದ್ದು ಬರುತ್ತದೆ. ಡಿಕಾಕ್ಷನ್ ಹನಿಯನ್ನು ಹತ್ತಿರದಿಂದ ಹಿಡಿಯಬೇಕು ಅನ್ನಿಸಿದರೂ ಒಂದು ಗೇಣು ದೂರ ಬಿಡಿ. ಅದಕ್ಕಿಂತ ತೀರಾ ಹತ್ತಿರ ಹೋದರೆ ಬಹಳ ಫೋನ್‌ಗಳು ಫೋಕಸ್ ಹಿಡಿಯಲಾರವು.

ಹೆಂಚಿನ ಮನೆಯಿದ್ದರೆ ನೀವು ಭಾಗ್ಯವಂತರು. ಅಜ್ಜಿ ಮನೆಯ ಅಡುಗೆಕೋಣೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಚಳಿಗಾಲದಲ್ಲಿ ಒಂಬತ್ತೂವರೆ ಹೊತ್ತಿಗೆ ಅದರಿಂದ ಬಿಸಿಲುಕೋಲು ಇಳಿದು ಒಲೆಯ ಪಕ್ಕ ಬೀಳುತ್ತದೆ. ಒಲೆಯಲ್ಲಿ ಹೊಗೆ ಇದ್ದರೆ ಕೋಲು ಮೇಲಿನಿಂದ ಕೆಳಗಿನವರೆಗೆ ಕಾಣುತ್ತದೆ, ಹೊಗೆ ಇಲ್ಲದಿದ್ದರೆ ನೆಲದ ಮೇಲಿನ ಚೌಕ ಮಾತ್ರ. ಹೊಗೆಯ ಕಣಕ್ಕೆ ತಾಗಿದಾಗಲೇ ಬೆಳಕು ನಮ್ಮ ಕಣ್ಣಿಗೆ ತಿರುಗಿ ಬರುವುದು. ನಾನು ಅಲ್ಲಿ ಒಂದು ವಾರ ಸುಮ್ನೆ ಕೂತಿದ್ದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಆವಿ ಎದ್ದು ಆ ಕೋಲಿನೊಳಗೆ ಸುತ್ತಿಕೊಂಡು ಮೇಲೆ ಹೋಯಿತು. ಅಜ್ಜಿಯ ಬಲಗೈ, ಒಂದು ಬಳೆ, ಮುಚ್ಚಳದ ಅಂಚು ಇಷ್ಟೇ ಬೆಳಕಿನಲ್ಲಿ. ಉಳಿದದ್ದೆಲ್ಲ ಕತ್ತಲು. ಮುಖ ಇಲ್ಲ. ಆದರೂ ಮನೆಯವರೆಲ್ಲ ನೋಡಿದ ತಕ್ಷಣ ಅಜ್ಜಿ ಅಂದರು.

ಚೌಕದಲ್ಲಿ ಎಲ್ಲವನ್ನೂ ತುಂಬಿಸಬೇಕಿಲ್ಲ. ಕೈ ಸಾಕು.

ಮಂಜು, ಮಳೆ

ಮಂಜಿನ ಫೋಟೋ ಬೂದುಬೂದಾಗಿ ಬರುವುದಕ್ಕೆ ಕಾರಣ ಫೋನೇ. ಎದುರಿಗೆ ಎಲ್ಲಾ ಬಿಳಿ ಕಂಡರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಅದು ಚಿತ್ರವನ್ನು ಕಪ್ಪಾಗಿಸುತ್ತದೆ. ಸೂರ್ಯನ ಗುರುತನ್ನು ಈ ಸಲ ಸ್ವಲ್ಪ ಮೇಲಕ್ಕೆಳೆಯಿರಿ. ಸಂಖ್ಯೆ ತೋರಿಸುವ ಆಪ್ ಆದರೆ 0.3ರಿಂದ 0.7 ಸಾಕು. ಚೌಕದಲ್ಲಿ ಒಂದು ಗಟ್ಟಿ ವಸ್ತು ಇರಲಿ: ಸಿಲ್ವರ್ ಓಕ್ ಮರದ ಕಾಂಡ, ಬಸ್ಸಿಗೆ ಕಾಯುವ ಹುಡುಗಿಯ ಕೆಂಪು ಛತ್ರಿ, ಗೇಟು. ಬರೀ ಮಂಜು ಅಂದರೆ ಬರೀ ಬಿಳಿ ಕಾಗದ.

ಮಳೆಯ ಎಳೆಗಳೂ ಆವಿಯ ಹಾಗೆಯೇ, ಕಪ್ಪು ಹಿನ್ನೆಲೆ ಬೇಡುತ್ತವೆ. ಜಗುಲಿಯಲ್ಲಿ ಕೂತು, ಸೂರಿನ ನೀರನ್ನು ಎದುರಿನ ಕಾಫಿ ಗಿಡಗಳ ಕಡುಹಸಿರಿಗೆ ಹಿಡಿದು ನೋಡಿ. ಫೋನ್ ಹೊರಗಿನ ಚಳಿಯಿಂದ ಬೆಚ್ಚಗಿನ ಒಳಮನೆಗೆ ಹೋದರೆ ಲೆನ್ಸ್ ಮೇಲೆ ನೀರು ಕೂರಬಹುದು. ಎರಡು ನಿಮಿಷ ಬಿಟ್ಟು, ಒರೆಸಿ ತೆಗೆಯಿರಿ.

ಬೀದಿ ಮತ್ತು ಜನ

ಕಾಫಿ ಪುಡಿ ಅಂಗಡಿ ನನ್ನ ಮೆಚ್ಚಿನ ಜಾಗ. ಯಂತ್ರದ ಸದ್ದು, ಪುಡಿ ಬೀಳುವ ಕೊಳವೆ, "ಚಿಕೋರಿ ಎಷ್ಟು ಹಾಕ್ಲಿ?" ಅನ್ನುವ ಪ್ರಶ್ನೆ, ಗಿರಾಕಿಯ ಮುಖದಲ್ಲಿ ಅರೆಗಳಿಗೆಯ ಯೋಚನೆ. ಆ ಯೋಚನೆಯನ್ನು ಹಿಡಿಯಬೇಕು.

ಆದರೆ ಮೊದಲು ಕೇಳಬೇಕು. "ಅಣ್ಣಾ, ಒಂದು ಫೋಟೋ ತೆಗೀಲಾ?" ಇಷ್ಟು ಸಾಕು. ಕೇಳಿದ ಕೂಡಲೇ ಅವರು ಕೆಲಸ ನಿಲ್ಲಿಸಿ ನೆಟ್ಟಗೆ ನಿಲ್ಲುತ್ತಾರೆ. ಅದನ್ನೂ ಒಂದು ತೆಗೆಯಿರಿ, ಅದು ಅವರಿಗೆ ಬೇಕಾದ ಚಿತ್ರ. ತೋರಿಸಿ, ಬೇಕೆಂದರೆ ಕಳಿಸಿ. ಆಮೇಲೆ ಅಲ್ಲೇ ಎರಡು ನಿಮಿಷ ನಿಂತಿರಿ. ಅವರು ಮತ್ತೆ ಕೆಲಸಕ್ಕೆ ತಿರುಗುತ್ತಾರೆ. ನಿಮಗೆ ಬೇಕಾದದ್ದು ಆಗ ಸಿಗುತ್ತದೆ. ಬೇಡ ಅಂದರೆ ನಕ್ಕು ಮುಂದೆ ಹೋಗಿ. ತೋಟದಲ್ಲಿ ಹಣ್ಣು ಬಿಡಿಸುವವರ ಚಿತ್ರ ತೆಗೆಯುವಾಗ ಮಾಲೀಕರನ್ನೋ ಮೇಸ್ತ್ರಿಯನ್ನೋ ಕೇಳಿದರೆ ಸಾಲದು. ಚೀಲ ಕಟ್ಟಿಕೊಂಡು ನಿಂತವರನ್ನೇ ಕೇಳಬೇಕು. ಮುಖ ಅವರದು. ಬೇರೆಯವರ ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಬೇಡ.

ಅಂಗಡಿಯ ದೀಪದ ಕೆಳಗೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುವುದುಂಟು. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗು ಫೋನಿಗೆ ಕಾಣುತ್ತದೆ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಬದಲಿಸಲು ಬಂದರೆ 1/50 ಅಥವಾ 1/100 ಸೆಕೆಂಡಿಗೆ ಇಡಿ. ಬರದಿದ್ದರೆ ಗಿರಾಕಿ ನಿಲ್ಲುವ ಬಾಗಿಲ ಬಳಿಗೆ ಸರಿಯಿರಿ, ಅಲ್ಲಿ ಬೀದಿಯ ಬೆಳಕು ಸಿಗುತ್ತದೆ.

ದಿನನಿತ್ಯದ್ದರಲ್ಲಿ ಏನು ತೆಗೆಯುವುದು ಅಂತ ತೋಚದಿದ್ದರೆ ಒಂದು ದಿನ ಬೇಲೂರಿಗೆ ಹೋಗಿ ಬನ್ನಿ, ನಮ್ಮೂರಿಂದ ಹೆಚ್ಚು ದೂರವಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಮದನಿಕೆಯರನ್ನು ನಿಧಾನವಾಗಿ ನೋಡಿ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ದೇವಸ್ಥಾನದ ಗೋಡೆಗೆ ಕೋತಿಯ ಕಾಟ ತಕ್ಕ ವಿಷಯ ಅಂತ ಆ ಶಿಲ್ಪಿಗೆ ಅನ್ನಿಸಿತ್ತು. ನನಗೆ ಇದು ಬಹಳ ಧೈರ್ಯ ಕೊಟ್ಟಿದೆ.

ಎರಡು ಚಿತ್ರ ಒಂದರೊಳಗೆ

ಡಬಲ್ ಎಕ್ಸ್‌ಪೋಶರ್ ಅನ್ನುವ ಆಟ ಇಂಥ ಹಲವು ಆಪ್‌ಗಳಲ್ಲಿದೆ. ಒಂದರ ಮೇಲೊಂದು ಎರಡು ಚಿತ್ರ ತೆಗೆಯುವುದು. ಸುಮ್ಮನೆ ಒತ್ತಿದರೆ ಕಲಸುಮೇಲೋಗರ. ಗುಟ್ಟು ಇಷ್ಟು: ಮೊದಲ ಚಿತ್ರದಲ್ಲಿ ಎಲ್ಲಿ ಕಪ್ಪಿದೆಯೋ ಅಲ್ಲಿ ಮಾತ್ರ ಎರಡನೆಯದು ಚೆನ್ನಾಗಿ ಮೂಡುತ್ತದೆ. ಫಿಲ್ಮಿನಲ್ಲೂ ಹಾಗೇ, ಕಪ್ಪು ಜಾಗಕ್ಕೆ ಇನ್ನೂ ಬೆಳಕು ತಾಗಿರುವುದಿಲ್ಲ.

ಕಾಫಿ ಹೂವಿನ ಕಾಲದಲ್ಲಿ ಇದನ್ನು ಮಾಡಿ ನೋಡಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಹೂವು ಕಂದಿಹೋಗುತ್ತದೆ, ಆದ್ದರಿಂದ ಮಳೆ ಬಿದ್ದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಾನು ಅಜ್ಜಿಯನ್ನು ಬಾಗಿಲ ಬಳಿ ಪಕ್ಕಕ್ಕೆ ತಿರುಗಿಸಿ ಕೂರಿಸಿದೆ, ಹಿಂದೆ ಅಂಗಳದ ಬಿಸಿಲು. ಬಿಸಿಲಿನ ಮೇಲೆ ಬೆರಳಿಟ್ಟಾಗ ಅಜ್ಜಿ ಪೂರ್ತಿ ಕಪ್ಪಾದರು, ತುರುಬು ಮತ್ತು ಮೂಗಿನ ಗೆರೆ ಮಾತ್ರ ಸ್ಪಷ್ಟ. ಅದು ಮೊದಲ ಚಿತ್ರ. ಆಮೇಲೆ ತೋಟಕ್ಕೆ ಹೋಗಿ, ಹೂವು ತುಂಬಿದ ಒಂದು ರೆಂಬೆಯನ್ನು ಚೌಕದ ಉದ್ದಕ್ಕೂ ಬರುವಂತೆ ತೆಗೆದೆ. ಅಜ್ಜಿಯ ತಲೆ, ಹೆಗಲು ತುಂಬ ಬಿಳಿ ಹೂವು. ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದೇನ್ ಮಗಾ, ತೋಟ ನನ್ನೊಳಗೇ ಬಂದುಬಿಟ್ಟಿದೆ" ಅಂದರು.

ಪ್ರಿಂಟ್ ಹಾಕಿಸಿ

ರಾತ್ರಿ ಹನ್ನೆರಡನ್ನೂ ನೋಡಿ, ಒಂದನ್ನು ಆರಿಸಿ ಬೇರೆ ಆಲ್ಬಂಗೆ ಹಾಕಿ. ಉಳಿದವನ್ನು ಅಳಿಸಬೇಡಿ, ಆರು ತಿಂಗಳ ಮೇಲೆ ನಿಮ್ಮ ಆಯ್ಕೆ ಬದಲಾಗುತ್ತದೆ.

ತಿಂಗಳಿಗೊಮ್ಮೆ ಸ್ಟುಡಿಯೋಗೆ ಹೋಗಿ ಹತ್ತು ಪ್ರಿಂಟ್ ಹಾಕಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. 4 ಇಂಚಿನ ಚೌಕಕ್ಕೆ ಪ್ರತಿ ಬದಿ 1,200 ಪಿಕ್ಸೆಲ್, 8 ಇಂಚಿಗೆ 2,400 ಇದ್ದರೆ ಚಿತ್ರ ಸ್ಪಷ್ಟ. ಕೆಲವು ಆಪ್‌ಗಳು ಚಿಕ್ಕ ಅಳತೆಯಲ್ಲಿ ಉಳಿಸುತ್ತವೆ, ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ಅಳತೆ ಆರಿಸಿರಿ. ಸ್ಟುಡಿಯೋದ ಕಾಗದ ಸಾಮಾನ್ಯವಾಗಿ 4 ಇಂಚು 6 ಇಂಚು. ಏನೂ ಹೇಳದಿದ್ದರೆ ಕಾಗದ ತುಂಬಿಸಲು ಚೌಕದ ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. "ಕಟ್ ಮಾಡಬೇಡಿ, ಬಿಳಿ ಅಂಚು ಬಿಟ್ಟು ಹಾಕಿ" ಅಂತ ಹೇಳಿ.

ಕೈಗೆ ಬಂದ ಮೇಲೆ ಹಿಂಬದಿಯಲ್ಲಿ ತಾರೀಕು, ಜಾಗ, ಇರುವವರ ಹೆಸರು ಬರೆಯಿರಿ. ಪೆನ್ಸಿಲ್ ಒಳ್ಳೆಯದು, ಹತ್ತದಿದ್ದರೆ ಬಾಲ್‌ಪೆನ್‌ನಲ್ಲಿ ಅಂಚಿನಲ್ಲಿ ಮೆಲ್ಲಗೆ. ಕಡುಬಿನ ಆವಿಯ ಚಿತ್ರದ ಹಿಂದೆ ನಾನು ಹೆಸರು ಬರೆಯಲು ಹೋದಾಗ ಅಜ್ಜಿ ತಾವೇ ಪೆನ್ಸಿಲ್ ಇಸಿದುಕೊಂಡರು. ತಮ್ಮ ಹೆಸರಿನ ಕೆಳಗೆ ಆ ದಿನ ಕಡುಬಿಗೆ ಜೊತೆ ಮಾಡಿದ್ದ ಚಟ್ನಿಯ ಹೆಸರನ್ನೂ ಬರೆದರು.